ಹಾಯಿಗೆ ತಕ್ಕ ಕೂವೆಗಂಬ

ಮಕರ ಸಂಕ್ರಾಂತಿಯ ದಿನಗಳಲ್ಲಿ ಸೊಲ್ಲಾಪುರದ ಬೀದಿಗಳಲ್ಲಿ ಶ್ರೀ ಸಿದ್ಧರಾಮೇಶ್ವರರ ಏಳು ನಂದಿಧ್ವಜಗಳು ಹೊರಡುವುದನ್ನು ನಮ್ಮ ವಾಚಕರೆಲ್ಲರೂ ಬಲ್ಲರು. ಬಿಳಿಯ ಬಾರಾಬಂದಿ ತೊಟ್ಟ ಭಕ್ತರು ಸರದಿಯ ಮೇಲೆ ಆ ಎತ್ತರದ ಕೋಲುಗಳನ್ನು ಹೊತ್ತು ಅರವತ್ತೆಂಟು ಲಿಂಗಗಳ ದರ್ಶನಕ್ಕೆ ಸಾಗುತ್ತಾರೆ. ಸಮ್ಮತಿಕಟ್ಟೆಯ ಬಳಿ ಅಕ್ಷತೆಯ ಹೊತ್ತಿನಲ್ಲಿ ಕೇಳಿಬರುವ ಸಮ್ಮತಿಯ ನುಡಿ ಕನ್ನಡವೆಂಬುದನ್ನು ವಿದ್ಯಾರ್ಥಿಗಳಿಗೆ ನಾವು ಹೊಸದಾಗಿ ಹೇಳಬೇಕಾಗಿಲ್ಲ. ಇಲ್ಲಿ ನಾವು ನೋಡಬಯಸುವುದು ಉತ್ಸವದ ವೈಭವವನ್ನಲ್ಲ, ಆ ಕೋಲನ್ನು. ಒಬ್ಬ ಮನುಷ್ಯನು ಹೊತ್ತ ಎತ್ತರದ ಕೋಲಿಗೆ ಮೇಲುಗಡೆ ಗಾಳಿ ತಗುಲಿದಾಗ ಏನಾಗುತ್ತದೆ? ಕೋಲು ಒಂದಿಷ್ಟು ಬಳುಕಿ ಗಾಳಿಯ ಪೆಟ್ಟನ್ನು ತಾನೇ ನುಂಗಿಕೊಂಡರೆ ಹೊತ್ತವನ ಹೆಜ್ಜೆ ತಪ್ಪುವುದಿಲ್ಲ. ಕೋಲು ಬಳುಕಲೊಲ್ಲದಿದ್ದರೆ ಆ ಪೆಟ್ಟೆಲ್ಲವೂ ಹೊತ್ತವನ ಸೊಂಟಕ್ಕೇ ಇಳಿಯುತ್ತದೆ. ಅತಿಯಾಗಿ ಬಳುಕಿದರೆ ತುದಿಯ ತೂಗಾಟವು ಅವನನ್ನೇ ಎಳೆದಾಡುತ್ತದೆ.

ಕಡಲನ್ನು ಕಾಣದ ಈ ಸೀಮೆಯಲ್ಲಿ ನಿಂತು ನಾವು ಕೇಳುವ ಈ ಪ್ರಶ್ನೆಯನ್ನೇ ಕಡಲಿನವರು ಸಾವಿರಾರು ವರ್ಷ ಕೇಳಿದ್ದಾರೆ: ಹಾಯಿಗೆ ಎಂಥ ಕಂಬ ತಕ್ಕದ್ದು? ಇತ್ತೀಚಿನ ಅರುವತ್ತು ವರ್ಷಗಳಲ್ಲಿ ಅದು ಇನ್ನೂ ಸೂಕ್ಷ್ಮವಾಗಿದೆ. ಏಕೆಂದರೆ ವಿಂಡ್‌ಸರ್ಫಿಂಗ್ ಎಂಬ ಆಟದಲ್ಲಿ, ನಂದಿಧ್ವಜ ಹೊತ್ತವನಂತೆಯೇ, ಒಬ್ಬ ಮನುಷ್ಯನು ಹಾಯಿಯನ್ನೂ ಕಂಬವನ್ನೂ ತನ್ನ ಮೈಯ ತೂಕದಿಂದಲೇ ಗಾಳಿಗೆ ಎದುರಾಗಿ ಹಿಡಿದಿರುತ್ತಾನೆ. ಈ ಆಟವನ್ನು ನಾವು ಹಾಯಿಹಲಗೆಯಾಟವೆಂದು ಕರೆಯೋಣ. ಅದರ ಕಂಬವನ್ನು ಆರಿಸುವ ವಿದ್ಯೆಗೆ ಒಂದು ಹಿಂಚರಿತ್ರೆಯುಂಟು. ಆ ಚರಿತ್ರೆಯ ಒಂದು ದೊಡ್ಡ ಅಧ್ಯಾಯ ಕನ್ನಡನಾಡಿನ ಕಾಡಿನಲ್ಲಿ ನಡೆದಿದೆಯಾದ್ದರಿಂದ ಅಲ್ಲಿಂದಲೇ ಬರುವುದು ಲೇಸು.

ಮೊದಲು ಶಬ್ದದ ವಿಚಾರ. ಹಡಗಿನ ನಡುವೆ ನಿಂತು ಹಾಯಿಯನ್ನು ಹೊರುವ ಕಂಬಕ್ಕೆ ಕನ್ನಡದಲ್ಲಿ ಕೂವೆ ಎಂಬ ಅಚ್ಚ ಹೆಸರಿದೆ. ತಮಿಳು ಮಲೆಯಾಳಗಳಲ್ಲಿ ಇದರ ಒಡಹುಟ್ಟು ಕೂಂಬು. ನಮ್ಮ ಶಾಲೆಗಳ ಪುಸ್ತಕಗಳಲ್ಲಿ ಹಡಗಿನ ಚಿತ್ರದ ಕೆಳಗೆ ಬರಿದೆ ‘ಕಂಬ’ವೆಂದು ಬರೆದು ಮುಗಿಸುವುದುಂಟು. ಬಳಸದೆ ಬಿಟ್ಟ ಮಾತು ಸಾಯುತ್ತದೆಯಾದ್ದರಿಂದ ಈ ಲೇಖನದಲ್ಲಿ ನಾವು ಕೂವೆಗಂಬವೆಂದೇ ಬರೆಯುತ್ತೇವೆ.

ಕೋಲನ್ನು ಆರಿಸುವ ಬುದ್ಧಿ ಒಳನಾಡಿನವರಿಗೆ ಇರಲಿಲ್ಲವೆಂದು ತಿಳಿಯಬಾರದು. ಅಕ್ಕಲಕೋಟೆಯ ಅರಮನೆಯ ಶಸ್ತ್ರಾಗಾರಕ್ಕೆ ಮಕ್ಕಳನ್ನು ಕರೆದೊಯ್ಯುವ ಉಪಾಧ್ಯಾಯರು ಕತ್ತಿ ಕೋವಿಗಳನ್ನು ತೋರಿಸಿ ಮುಂದೆ ಸಾಗುವುದು ವಾಡಿಕೆ. ಭಲ್ಲೆಯ ಮಾತು ಬಂದಾಗ ಅದರ ಹಿಡಿಯ ವಿಷಯವನ್ನೂ ಹೇಳಬೇಕೆಂಬುದು ನಮ್ಮ ಸೂಚನೆ. ಮರಾಠಾ ರಾವುತರು ಭಲ್ಲೆಗೆ ಬಿದಿರಿನ ಕಾವನ್ನೇ ಹಾಕುತ್ತಿದ್ದರು. ಬಿದಿರಿನಲ್ಲಿಯೂ ಎರಡು ಬಗೆ. ಗಂಡುಬಿದಿರು ಹೆಚ್ಚುಕಡಮೆ ಗಟ್ಟಿ, ಒಳಗೆ ಪೊಳ್ಳು ಕಡಮೆ. ಅದು ಗಿಡ್ಡವಾದರೂ ಬಿಗುವಾದುದು, ಭಲ್ಲೆಗೂ ದೊಣ್ಣೆಗೂ ತಕ್ಕುದು. ಹೆಬ್ಬಿದಿರು ಪೊಳ್ಳು. ಅದು ಎತ್ತರಕ್ಕೆ ಬೆಳೆಯುತ್ತದೆ, ಅಳತೆಗೆ ಹೋಲಿಸಿದರೆ ಹಗುರ. ಸಾಮಾನು ಒಂದೇ ಆದರೂ ಕೆಲಸ ಬೇರೆಯಾದಾಗ ಆಯ್ಕೆಯೂ ಬೇರೆ. ಪೊಳ್ಳಾದ ಕೊಳವೆಯು ಅಷ್ಟೇ ತೂಕದ ಗಟ್ಟಿ ಕೋಲಿಗಿಂತ ಹೆಚ್ಚು ಬಿಗುವಾಗಿರುತ್ತದೆಂಬ ಯಂತ್ರಶಾಸ್ತ್ರದ ತತ್ತ್ವವನ್ನು ಬಿದಿರು ಯಾರಿಂದಲೂ ಕಲಿಯಲಿಲ್ಲ. ಇಂದಿನ ಹಾಯಿಹಲಗೆಯ ಕೂವೆಗಂಬಗಳೆಲ್ಲ ಪೊಳ್ಳು ಕೊಳವೆಗಳೇ.

ಇನ್ನು ಕಡಲ ಕಡೆಗೆ ಹೋಗೋಣ. ಕಾರವಾರದಿಂದ ಮಂಗಳೂರಿನವರೆಗಿನ ಕರಾವಳಿಯ ಹಿಂದೆ, ಘಟ್ಟದ ಇಳಿಜಾರಿನ ನಿತ್ಯಹಸಿರು ಕಾಡುಗಳಲ್ಲಿ ಪೊನ್ನೆಯೆಂಬ ಮರ ಬೆಳೆಯುತ್ತದೆ. ನೂರಡಿಗೂ ಮೀರಿ ಏರುವ ಈ ಮರ ಕೆಳಗಿನಿಂದ ಬಹು ಎತ್ತರದವರೆಗೆ ಕೊಂಬೆಯಿಲ್ಲದೆ ನೆಟ್ಟಗೆ ನಿಲ್ಲುತ್ತದೆ. ಕೊಂಬೆಯಿಲ್ಲವಾದರೆ ಗಂಟಿಲ್ಲ. ಗಂಟಿಲ್ಲವಾದರೆ ಮುರಿಯುವ ಜಾಗವಿಲ್ಲ. ಬುಡದಿಂದ ತುದಿಗೆ ಒಂದೇ ಸಮನೆ ಸಣ್ಣಗಾಗುವ ಇಂಥ ಮರವು ಕೂವೆಗಂಬಕ್ಕೆ ಹೇಳಿ ಮಾಡಿಸಿದಂತಿರುವುದು. ಇದರ ಹತ್ತಿರದ ನೆಂಟನೇ ಕಡಲ ದಡದ ಸುರಹೊನ್ನೆ. ನಮ್ಮ ಹಳೆಯ ಕವಿಗಳ ತೋಟದ ವರ್ಣನೆಗಳಲ್ಲಿ ಹೂಬಿಡುವ ಪುನ್ನಾಗ ಅದು. ಅದರ ಬೀಜದ ಎಣ್ಣೆಯಿಂದ ದೀಪ ಉರಿಸುತ್ತಿದ್ದರು. ಆದರೆ ಸುರಹೊನ್ನೆಯ ಕಾಂಡ ಸಾಮಾನ್ಯವಾಗಿ ಡೊಂಕು, ಅದು ಉದ್ದನೆಯ ಕಂಬಕ್ಕೆ ಬಾರದು. ಹಳೆಯ ಇಂಗ್ಲಿಷ್ ಪುಸ್ತಕಗಳಲ್ಲಿ ಈ ಎರಡನ್ನೂ ಕಲಸಿಬಿಟ್ಟದ್ದುಂಟು. ಬಣ್ಣಕ್ಕೂ ಔಷಧಕ್ಕೂ ಹೆಸರಾದ ಬೇರೊಂದು ಹೊನ್ನೆಮರವೂ ನಮ್ಮಲ್ಲಿದೆ. ಅದಕ್ಕೂ ಇದಕ್ಕೂ ಹೆಸರಿನ ಹೋಲಿಕೆಯಷ್ಟೇ.

ಇಂಗ್ಲಿಷರು ಈ ಮರವನ್ನು ‘ಪೂನ್’ ಎಂದು ಕರೆದರು. ಆ ಮಾತಿನ ಮೂಲವಾಗಿ ಅವರ ನಿಘಂಟುಕಾರರು ಕನ್ನಡದ ಪೊನ್ನೆಯನ್ನೂ ಮಲೆಯಾಳದ ಪುನ್ನವನ್ನೂ ಕೊಡುತ್ತಾರೆ. ವ್ಯಾಕರಣ ಕಲಿಸುವ ಉಪಾಧ್ಯಾಯರಿಗೆ ಇಲ್ಲಿ ಒಂದು ಒಳ್ಳೆಯ ಉದಾಹರಣೆ ದೊರೆಯುತ್ತದೆ. ಹಳಗನ್ನಡದ ಪಕಾರವು ನಡುಗನ್ನಡದಲ್ಲಿ ಹಕಾರವಾಯಿತು. ಪಾಲು ಹಾಲಾಯಿತು, ಪೂ ಹೂವಾಯಿತು, ಪೊನ್ನೆ ಹೊನ್ನೆಯಾಯಿತು. ಇಂಗ್ಲಿಷರ ಹಡಗು ನಮ್ಮ ಕರಾವಳಿಗೆ ಬರುವ ಹೊತ್ತಿಗೆ ಘಟ್ಟದ ಮೇಲಿನ ಕನ್ನಡದಲ್ಲಿ ಈ ಮಾರ್ಪಾಟು ಮುಗಿದು ಶತಮಾನಗಳೇ ಕಳೆದಿದ್ದುವು. ಆದರೂ ಅವರ ಕಿವಿಗೆ ಬಿದ್ದುದು ಪಕಾರದ ರೂಪ. ಅಂದಮೇಲೆ ಅವರು ಆ ಮಾತನ್ನು ಪಂಡಿತರಿಂದ ಕಲಿತಿರಲಾರರು. ಪಕಾರವನ್ನು ಉಳಿಸಿಕೊಂಡ ತುಳುನಾಡಿನ ಅಥವಾ ಮಲೆಯಾಳದ ಮರಗೆಲಸದವರ, ಖಲಾಸಿಗಳ ಬಾಯಿಂದ ಕಲಿತಿರಬೇಕೆಂದು ನಮಗೆ ತೋರುತ್ತದೆ.

ನಮ್ಮ ಕರಾವಳಿಯ ಪತ್ತೆಮಾರಿಗಳಿಗೆ ಅಷ್ಟು ಎತ್ತರದ ಕೂವೆಗಂಬ ಬೇಕಾಗಿರಲಿಲ್ಲ. ಅವುಗಳ ಕಂಬ ದಪ್ಪ, ಗಿಡ್ಡ, ಮುಂದಕ್ಕೆ ವಾಲಿದುದು. ಮುಮ್ಮೂಲೆಯ ಹಾಯಿಯು ಒಂದು ಉದ್ದನೆಯ ಓರೆಗೋಲಿನಿಂದ ತೂಗುತ್ತಿತ್ತು. ಯೂರೋಪಿನ ಯುದ್ಧನೌಕೆಯ ರೀತಿ ಬೇರೆ. ಅದು ಒಂದರ ಮೇಲೊಂದು ಚೌಕದ ಹಾಯಿಗಳನ್ನು ಹೊರುತ್ತದೆ, ಅದಕ್ಕೆ ದೊಡ್ಡ ಕಂಬಗಳೇ ಬೇಕು. ಕಂಬದ ಉದ್ದ ಎಷ್ಟು ಗಜವೋ ದಪ್ಪ ಅಷ್ಟು ಅಂಗುಲವೆಂಬುದು ಅವರ ಒಂದು ಸ್ಥೂಲ ಲೆಕ್ಕ. ಅರುವತ್ತಡಿಯ ಕಂಬವೆಂದರೆ ಇಪ್ಪತ್ತು ಗಜ, ಆದುದರಿಂದ ಇಪ್ಪತ್ತು ಅಂಗುಲ ದಪ್ಪ. ಇಂಥ ಮರ ಇಂಗ್ಲೆಂಡಿನಲ್ಲಿ ಮುಗಿದುಹೋಗಿತ್ತು. ಬಾಲ್ಟಿಕ್ ಸಮುದ್ರದ ರೀಗಾ ಬಂದರಿನಿಂದ ಪೈನ್ ಮರ ಬರುತ್ತಿತ್ತು. ಅಮೆರಿಕದ ವಸಾಹತುಗಳಲ್ಲಿ ೧೬೯೧ರ ಮ್ಯಾಸಚೂಸೆಟ್ಸ್ ಸನ್ನದಿನ ಪ್ರಕಾರ ಇಪ್ಪತ್ತನಾಲ್ಕು ಅಂಗುಲಕ್ಕೂ ದಪ್ಪವಾದ ಪೈನ್ ಮರಗಳೆಲ್ಲ ರಾಜನವಾದುವು. ಅವುಗಳ ಮೇಲೆ ಬಾಣದ ಗುರುತನ್ನು ಕೊರೆದಿಡುತ್ತಿದ್ದರು. ತಮ್ಮ ಹೊಲದ ಮರವನ್ನು ತಾವು ಕಡಿಯಲಾಗದೆ ನೊಂದ ಅಲ್ಲಿಯ ಜನ ೧೭೭೨ರಲ್ಲಿ ದಂಗೆಯೆದ್ದರು. ಮುಂದೆ ಅಮೆರಿಕ ಕೈತಪ್ಪಿತು. ೧೮೦೭ರ ಹೊತ್ತಿಗೆ ನೆಪೋಲಿಯನ್ನನ ದೆಸೆಯಿಂದ ಬಾಲ್ಟಿಕ್ ದಾರಿಯೂ ಸಂಶಯಕ್ಕೆ ಬಿದ್ದಿತು.

೧೭೯೯ರಲ್ಲಿ ಟೀಪೂ ಮಡಿದ ಮೇಲೆ ಕನ್ನಡ ಜಿಲ್ಲೆ ಕಂಪನಿಯ ಕೈಗೆ ಬಂದಿತ್ತು. ೧೮೦೬ರಲ್ಲಿ ಕ್ಯಾಪ್ಟನ್ ವಾಟ್ಸನ್ನನನ್ನು ಕಾಡಿನ ಸಂರಕ್ಷಕನನ್ನಾಗಿ ನೇಮಿಸಿದರು. ೧೮೦೭ರಲ್ಲಿ ಮಲಬಾರ ಮತ್ತು ಕನ್ನಡ ಸೀಮೆಗಳ ತೇಗದ ಮೇಲೆ ಕಂಪನಿಯ ಒಡೆತನವನ್ನು ಸಾರಿದರು. ‘ಸಂರಕ್ಷಕ’ನೆಂಬ ಹೆಸರಿಗೆ ನಾವು ಮರುಳಾಗಬೇಕಾಗಿಲ್ಲ, ರಕ್ಷಣೆ ಬೇಕಾಗಿದ್ದುದು ಹಡಗುಕಟ್ಟೆಗೆ. ರೈತರಿಂದಲೂ ಮರದ ವ್ಯಾಪಾರಿಗಳಿಂದಲೂ ದೂರುಗಳೆದ್ದು, ೧೮೨೩ರಲ್ಲಿ ಮದರಾಸಿನ ಗವರ್ನರನಾಗಿದ್ದ ಥಾಮಸ್ ಮನ್ರೋ ಆ ಹುದ್ದೆಯನ್ನೇ ತೆಗೆದುಹಾಕಿದನು. ಇದೇ ಅವಧಿಯಲ್ಲಿ ಮುಂಬಯಿಯ ಹಡಗುಕಟ್ಟೆಯಲ್ಲಿ ವಾಡಿಯಾ ಮನೆತನದ ಪಾರಸಿ ಶಿಲ್ಪಿಗಳು ಪಶ್ಚಿಮ ಕರಾವಳಿಯ ತೇಗದಿಂದ ಇಂಗ್ಲೆಂಡಿನ ನೌಕಾಸೈನ್ಯಕ್ಕೆ ಹಡಗುಗಳನ್ನು ಕಟ್ಟುತ್ತಿದ್ದರು. ೧೮೧೭ರಲ್ಲಿ ಅಲ್ಲಿ ನೀರಿಗಿಳಿದ ‘ಟ್ರಿಂಕೊಮಾಲಿ’ ಎಂಬ ಹಡಗು ಇಂದಿಗೂ ಇಂಗ್ಲೆಂಡಿನ ಹಾರ್ಟಲ್‌ಪೂಲಿನಲ್ಲಿ ತೇಲುತ್ತಿದೆ. ಒಡಲಿಗೆ ತೇಗ, ಕೂವೆಗೆ ಪೊನ್ನೆ ಎಂಬ ಹಂಚಿಕೆ ಆ ಕಾಲದ ಕಡಲಿನವರಿಗೆ ಪರಿಚಿತವಾಗಿತ್ತು. ಜಾನ್ ಈಡ್ ಎಂಬ ನೌಕಾಶಿಲ್ಪಿ ೧೮೩೦ರ ದಶಕದಲ್ಲಿ ಬರೆಯುತ್ತ, ದೊಡ್ಡ ಹಡಗುಗಳಿಗೆ ಸಾಕಾಗುವಷ್ಟು ಉದ್ದದ ಪೊನ್ನೆಯ ಕಂಬಗಳು ಮಂಗಳೂರಿನಲ್ಲಿ ದೊರೆಯುತ್ತವೆಂದು ತಿಳಿಸಿದ್ದಾನೆ.

ಪೊನ್ನೆಯಲ್ಲಿ ದೋಷವಿರಲಿಲ್ಲವೆ? ಇತ್ತು. ಅದು ಪೈನ್ ಮರಕ್ಕಿಂತ ಭಾರ. ಹಡಗಿನ ತಳದಲ್ಲಿ ಭಾರವಿದ್ದರೆ ಲಾಭ, ನೆತ್ತಿಯ ಮೇಲೆ ಭಾರವಿದ್ದರೆ ಅಪಾಯ. ಅಲೆಯಲ್ಲಿ ಹಡಗು ವಾಲಿದಾಗ ಭಾರದ ಕಂಬ ಅದನ್ನು ಮತ್ತಷ್ಟು ವಾಲಿಸುತ್ತದೆ. ಪೈನಿಗೆ ಒಂದು ರಾಳದ ಗುಣವಿದೆ, ಅದು ಬಾಗಿ ಮರಳಿ ಚಿಮ್ಮುತ್ತದೆ. ಒಣಗಿದರೆ ಆ ಚಿಮ್ಮು ಹೋಗುತ್ತದೆಂದು ಯೂರೋಪಿನ ಹಡಗುಕಟ್ಟೆಗಳಲ್ಲಿ ಪೈನ್ ದಿಮ್ಮಿಗಳನ್ನು ಕೊಳದ ನೀರಿನಲ್ಲಿ ಮುಳುಗಿಸಿ ಇಡುತ್ತಿದ್ದರು. ಹೀಗೆ ಉದ್ದ, ತೂಕ, ಬಾಗು, ಮರಳುವಿಕೆ ಇವೆಲ್ಲವನ್ನೂ ಒಟ್ಟಿಗೆ ತೂಗಿ ಆರಿಸಬೇಕಾಗಿತ್ತು. ತೂಗುವ ತಕ್ಕಡಿ ಮಾತ್ರ ಅನುಭವಿಯ ಕಣ್ಣೊಂದೇ.

ಪೊನ್ನೆಯ ಬೆಲೆಗೆ ಇನ್ನೊಂದು ಕಾರಣವಿತ್ತು. ತೇಗದ ದಿಮ್ಮಿ ದೊಡ್ಡದಾಯಿತೆಂದರೆ ಎರಡು ತುಂಡು ಮಾಡಿ ಎಳೆಯಬಹುದು. ಕೂವೆಮರವನ್ನು ತುಂಡರಿಸಿದರೆ ಅದು ಕೂವೆಯೇ ಅಲ್ಲ. ಎಂಬತ್ತಡಿಯ ಮರವನ್ನು ಸೀಳದಂತೆ ಉರುಳಿಸಿ, ಕಣಿವೆಗಳನ್ನು ದಾಟಿಸಿ, ಹೊಳೆಗೆ ತರುವ ಕಷ್ಟವನ್ನು ಊಹಿಸಿದರೆ ಸಾಕು. ಸುಲಭವಾಗಿ ತರಬಹುದಾದ ಜಾಗದ ಮರಗಳು ಮೊದಲು ಹೋದುವು, ಉಳಿದುವು ದುರ್ಗಮವಾದ ಕಮರಿಗಳಲ್ಲಿ. ೧೮೫೬ರಲ್ಲಿ ಮದರಾಸು ಪ್ರಾಂತದ ಕಾಡುಗಳ ಅಧಿಕಾರ ವಹಿಸಿಕೊಂಡ ಕ್ಲೆಗ್‌ಹಾರ್ನನ ಕಾಲದಲ್ಲಿ ಪೊನ್ನೆಯು ಸರಕಾರ ಕಾಯಬೇಕಾದ ಬೆಲೆಯ ಮರಗಳ ಸಾಲಿಗೆ ಸೇರಿತ್ತು. ಕೊಡಗಿನಲ್ಲಿಯೂ ಹಾಗೆಯೇ. ಬೆಳೆಯಲು ನೂರಾರು ವರ್ಷ ಬೇಕಾದ ಮರವನ್ನು ಒಂದು ತಲೆಮಾರಿನಲ್ಲಿ ಕಡಿದು ಮುಂದಿನ ತಲೆಮಾರಿನಲ್ಲಿ ಕಾನೂನು ಬರೆಯುವುದು ಆ ಆಡಳಿತದ ಕ್ರಮವಾಗಿತ್ತು. ಕೊನೆಗೆ ಪೊನ್ನೆಯನ್ನು ಉಳಿಸಿದುದು ಆ ಕಾನೂನಿಗಿಂತಲೂ ಹೆಚ್ಚಾಗಿ ಉಗಿಯಂತ್ರ ಮತ್ತು ಕಬ್ಬಿಣದ ಕಂಬವೆಂದು ನಮ್ಮ ಅಭಿಪ್ರಾಯ. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಕೂವೆಮರದ ಬೇಡಿಕೆಯೇ ಇಳಿಯಿತು, ಮರವನ್ನು ನೋಡಿಯೇ ಕಂಬವನ್ನು ಅಳೆಯುತ್ತಿದ್ದ ಕಣ್ಣುಗಳೂ ಅದರೊಡನೆ ಹೋದುವು.

ಆ ಕಣ್ಣಿಗೆ ಮತ್ತೆ ಕೆಲಸ ಬಂದುದು ಇಪ್ಪತ್ತನೆಯ ಶತಮಾನದಲ್ಲಿ, ಅದೂ ಒಂದು ಆಟದಿಂದ. ಹಾಯಿಹಲಗೆಯ ಮೊದಲ ಕರ್ತೃ ಯಾರೆಂಬುದು ವಾದದ ವಿಷಯ. ಪೀಟರ್ ಚಿಲ್ವರ್ಸ್ ಎಂಬ ಹನ್ನೆರಡು ವರ್ಷದ ಇಂಗ್ಲಿಷ್ ಬಾಲಕ ೧೯೫೮ರಲ್ಲಿ ಒಂದು ಹಲಗೆಗೆ ಹಾಯಿ ಕಟ್ಟಿ ತೇಲಿಸಿದ್ದನು. ಅಮೆರಿಕದ ಪೆನ್ಸಿಲ್ವೇನಿಯಾದ ನ್ಯೂಮನ್ ಡಾರ್ಬಿ ೧೯೬೪ರಲ್ಲಿ ತನ್ನದೊಂದನ್ನು ರಚಿಸಿ ಮರುವರ್ಷ ಪತ್ರಿಕೆಯಲ್ಲಿ ಅದರ ವಿವರ ಪ್ರಕಟಿಸಿದನು. ಕ್ಯಾಲಿಫೋರ್ನಿಯಾದ ಜಿಮ್ ಡ್ರೇಕ್ ಮತ್ತು ಹಾಯ್ಲ್ ಶ್ವೈಟ್ಸರ್ ೧೯೬೮ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿ ೧೯೭೦ರಲ್ಲಿ ಪಡೆದರು. ಅದೇ ಹಕ್ಕಿನ ಮೊಕದ್ದಮೆ ಇಂಗ್ಲೆಂಡಿನ ನ್ಯಾಯಾಲಯಕ್ಕೆ ಹೋದಾಗ, ೧೯೮೫ರಲ್ಲಿ, ಆ ಬಾಲಕನ ಹಲಗೆಯೇ ಸಾಕ್ಷ್ಯವಾಗಿ ನಿಂತು ಅಲ್ಲಿಯ ಪೇಟೆಂಟು ಬಿದ್ದುಹೋಯಿತು. ಮಕ್ಕಳ ಆಟವೆಂದು ಕಡೆಗಣಿಸುವ ದೊಡ್ಡವರು ಈ ತೀರ್ಪನ್ನು ಗಮನಿಸಬಹುದು! ೧೯೮೪ರಿಂದ ಈ ಆಟ ಒಲಿಂಪಿಕ್ಕಿನಲ್ಲಿ ಸೇರಿದೆ.

ಡ್ರೇಕನ ಹಲಗೆಯ ಹೊಸತನವೆಲ್ಲ ಕೂವೆಗಂಬದ ಬುಡದಲ್ಲಿತ್ತು. ಹಡಗಿನ ಕಂಬ ಹಡಗಿಗೆ ನೆಟ್ಟದ್ದು, ಸುತ್ತಲೂ ಹಗ್ಗಗಳಿಂದ ಬಿಗಿದದ್ದು. ಹಾಯಿಹಲಗೆಯ ಕಂಬ ಬುಡದಲ್ಲಿ ಎಲ್ಲ ಕಡೆಗೂ ತಿರುಗುವ ಕೀಲಿನ ಮೇಲೆ ನಿಂತಿದೆ. ಅದನ್ನು ಹಿಡಿದಿರಿಸುವ ಹಗ್ಗವಿಲ್ಲ, ಆಟಗಾರನ ಕೈಗಳೇ ಹಗ್ಗ. ಹಲಗೆಗೆ ಚುಕ್ಕಾಣಿಯಿಲ್ಲ, ಕಂಬವನ್ನು ಮುಂದಕ್ಕೂ ಹಿಂದಕ್ಕೂ ವಾಲಿಸುವುದೇ ಚುಕ್ಕಾಣಿ. ಆದುದರಿಂದ ಕಂಬದ ಗುಣದೋಷಗಳೆಲ್ಲ ನೇರವಾಗಿ ತೋಳಿಗೆ ತಿಳಿಯುತ್ತವೆ.

ಹಾಗಾದರೆ ಕಂಬವನ್ನು ಆರಿಸುವುದು ಹೇಗೆ? ಅತ್ಯಂತ ಗಟ್ಟಿಯಾದುದನ್ನು ಕೊಂಡರಾಯಿತೆಂದು ಹೊಸಬರು ಎಣಿಸುತ್ತಾರೆ. ಅದು ತಪ್ಪು ದಾರಿ. ಹಾಯಿಯು ಬಟ್ಟೆಯಂಗಡಿಯ ತುಂಡಲ್ಲ, ದರ್ಜಿ ಹೊಲಿದ ಅಂಗಿಯಂತಹುದು. ಹೊಲಿಯುವವನು ಅದರ ಮುಂದಂಚನ್ನು ನೆಟ್ಟಗೆ ಕತ್ತರಿಸುವುದಿಲ್ಲ, ಒಂದು ನಿಶ್ಚಿತವಾದ ಉಬ್ಬನ್ನು ಇಟ್ಟು ಕತ್ತರಿಸುತ್ತಾನೆ. ಆ ಅಂಚಿನ ಚೀಲದೊಳಗೆ ಕಂಬವನ್ನು ತೂರಿಸಿ, ಹಾಯಿಯನ್ನು ಕೆಳಕ್ಕೆ ಬಲವಾಗಿ ಜಗ್ಗಿ ಕಟ್ಟಿದಾಗ ಕಂಬ ಬಿಲ್ಲಿನಂತೆ ಬಾಗುತ್ತದೆ. ಕಂಬದ ಬಾಗು, ಹೊಲಿದವನು ಮನಸ್ಸಿನಲ್ಲಿಟ್ಟ ಬಾಗು, ಇವೆರಡೂ ಒಂದಾದರೆ ಹಾಯಿ ತನ್ನ ಆಕಾರಕ್ಕೆ ಬರುತ್ತದೆ. ಆಗ ಗಾಳಿಯ ಬೀಸು ಬಂದೊಡನೆ ಹಾಯಿಯ ಮೇಲ್ಭಾಗ ಸಡಿಲಿ ಹೆಚ್ಚಿನ ಗಾಳಿಯನ್ನು ಬಿಟ್ಟುಕೊಡುತ್ತದೆ, ಬೀಸು ಇಳಿದೊಡನೆ ಮರಳಿ ಮುಚ್ಚಿಕೊಳ್ಳುತ್ತದೆ. ಕಂಬ ಬೇಕಾದುದಕ್ಕಿಂತ ಬಿಗುವಾಗಿದ್ದರೆ ಹಾಯಿ ಸಡಿಲಲಾರದೆ ಆಟಗಾರನನ್ನೇ ಎಳೆದು ಬೀಳಿಸುತ್ತದೆ. ತೀರ ಮೆದುವಾಗಿದ್ದರೆ ಹಾಯಿಯ ಹೊಟ್ಟೆ ಹಿಂದಕ್ಕೆ ಸರಿದು ಹಿಡಿತ ತಪ್ಪುತ್ತದೆ.

ಹಿಂದೆ ಮರಗೆಲಸದವನ ಕಣ್ಣು ಮಾಡುತ್ತಿದ್ದ ಈ ಪರೀಕ್ಷೆಯನ್ನು ಈಗ ಅಂಕೆಗೆ ಇಳಿಸಿದ್ದಾರೆ. ವಿಧಾನ ಎಷ್ಟು ಸರಳವೆಂದರೆ ಯಾವ ಶಾಲೆಯ ಅಂಗಳದಲ್ಲಿಯೂ ಬಿದಿರುಗಳುವನ್ನಿಟ್ಟು ಇದರ ಮಾದರಿಯನ್ನು ತೋರಿಸಬಹುದು. ಕಂಬದ ಎರಡು ತುದಿಗಳನ್ನೂ ಆಧಾರದ ಮೇಲಿಟ್ಟು, ನಡುವೆ ೩೦ ಕಿಲೊ ತೂಕವನ್ನು ತೂಗುಹಾಕಿ, ನಡುವು ಎಷ್ಟು ಸೆಂಟಿಮೀಟರು ಜಗ್ಗಿತೆಂದು ಅಳೆಯುವುದು. ಕಂಬದ ಉದ್ದವನ್ನು ಆ ಜಗ್ಗಿನಿಂದ ಭಾಗಿಸಿದರೆ ಬಿಗುವಿನ ಅಂಕೆ ಬರುತ್ತದೆ. ೪೬೦ ಸೆಂಟಿಮೀಟರಿನ ಕಂಬ ೧೮.೪ ಸೆಂಟಿಮೀಟರು ಜಗ್ಗಿದರೆ ಅಂಕೆ ೨೫. ಆ ಉದ್ದದ ಕಂಬಕ್ಕೆ ರೂಢಿಯಲ್ಲಿರುವ ಅಂಕೆಯೂ ಅದೇ. ೪೦೦ರ ಕಂಬಕ್ಕೆ ೧೯, ೪೩೦ಕ್ಕೆ ೨೧, ೪೯೦ಕ್ಕೆ ೨೯. ದೊಡ್ಡ ಹಾಯಿಗೆ ಉದ್ದನೆಯ ಕಂಬ, ಉದ್ದನೆಯ ಕಂಬಕ್ಕೆ ಹೆಚ್ಚಿನ ಬಿಗುವು. ಹಾಯಿಯ ಮೇಲೆಯೇ ಬೇಕಾದ ಉದ್ದವನ್ನೂ ಅಂಕೆಯನ್ನೂ ಅಚ್ಚು ಹಾಕಿರುತ್ತಾರೆ.

ಆದರೆ ಅಂಕೆಯೊಂದೇ ಸಾಲದು. ಒಂದೇ ಅಂಕೆಯ ಎರಡು ಕಂಬಗಳು ಬೇರೆ ಬೇರೆ ರೀತಿಯಲ್ಲಿ ಬಾಗಬಹುದು. ಒಂದು ತುದಿಯ ಕಡೆ, ಇನ್ನೊಂದು ಬುಡದ ಕಡೆ. ಅದಕ್ಕಾಗಿ ಬುಡದಿಂದ ಕಾಲುಭಾಗದಲ್ಲಿಯೂ ತುದಿಯಿಂದ ಕಾಲುಭಾಗದಲ್ಲಿಯೂ ಜಗ್ಗನ್ನು ಅಳೆದು, ನಡುವಿನ ಜಗ್ಗಿನ ಶೇಕಡ ಎಷ್ಟೆಂದು ಲೆಕ್ಕ ಹಾಕುತ್ತಾರೆ. ಬುಡದ ಕಡೆ ೬೩, ತುದಿಯ ಕಡೆ ೭೫ ಬಂದರೆ ಅಂತರ ೧೨. ಅದು ಸಮಬಾಗಿನ ಕಂಬ. ಅಂತರ ಹೆಚ್ಚಾದರೆ ತುದಿ ಮೆದು, ಕಡಮೆಯಾದರೆ ತುದಿ ಬಿಗುವು. ತಮ್ಮ ಹಾಯಿಗೆ ತಮ್ಮದೇ ಕಂಬ ಬೇಕೆಂದು ತಯಾರಕರು ಹೇಳುವುದರಲ್ಲಿ ವ್ಯಾಪಾರದ ಬುದ್ಧಿಯಿದೆ, ಆದರೆ ಪೂರ್ಣ ಸುಳ್ಳಲ್ಲ. ಹಳೆಯ ಕಂಬಕ್ಕೆ ಹೊಸ ಹಾಯಿ ಕೊಳ್ಳುವವನು ಬೆಲೆಗಿಂತ ಮೊದಲು ಈ ಅಂತರವನ್ನು ವಿಚಾರಿಸುವುದು ಒಳ್ಳೆಯದು. ಅಲೆಗಳ ನಡುವೆ ಆಡುವವರು ಸಣ್ಣ ಸುತ್ತಳತೆಯ, ದಪ್ಪ ಗೋಡೆಯ ಕಂಬವನ್ನು ಮೆಚ್ಚುತ್ತಾರೆ. ಅದು ಪೆಟ್ಟಿಗೆ ಸುಲಭವಾಗಿ ಮುರಿಯುವುದಿಲ್ಲ.

ಕಂಬದ ಸಾಮಗ್ರಿಯ ವಿಷಯದಲ್ಲಿ ಸೊಲ್ಲಾಪುರದ ನೇಕಾರ ಮನೆಗಳ ಮಕ್ಕಳಿಗೆ ವಿಶೇಷ ಆಸಕ್ತಿ ಹುಟ್ಟಬೇಕು. ಮೊದಲಲ್ಲಿ ಗಾಜಿನೆಳೆಯ ಕಂಬಗಳಿದ್ದುವು, ನಡುವೆ ಅಲ್ಯುಮಿನಿಯಮ್ ಬಂದಿತು, ಈಗ ಉತ್ತಮವಾದುವೆಲ್ಲ ಇಂಗಾಲದ ಎಳೆಯವು. ಆ ಎಳೆಯ ಮೂಲ ಅಕ್ರಿಲಿಕ್ ನೂಲು, ಬೆಚ್ಚನೆಯ ಉಡುಪು ಹೆಣೆಯುವ ನೂಲಿನ ಜಾತಿಯದೇ. ಜಪಾನಿನ ಅಕಿಯೊ ಶಿಂದೊ ೧೯೬೦ರ ಸುಮಾರಿಗೆ ಈ ದಾರಿಯನ್ನು ತೋರಿದನು. ನೂಲನ್ನು ಮೊದಲು ಗಾಳಿಯಲ್ಲಿ ಹದವಾಗಿ ಕಾಯಿಸಿ, ಆಮೇಲೆ ಗಾಳಿ ಸೋಕದಂತೆ ಸಾವಿರ ಡಿಗ್ರಿಗೂ ಮೀರಿದ ಶಾಖದಲ್ಲಿ ಸುಟ್ಟರೆ ಇಂಗಾಲವಷ್ಟೇ ಉಳಿಯುತ್ತದೆ. ಆ ಎಳೆಗಳನ್ನು ರಾಳದಲ್ಲಿ ತೋಯಿಸಿ, ತುದಿಯ ಕಡೆ ಸಣ್ಣಗಾಗುವ ಅಚ್ಚಿನ ಮೇಲೆ ಸುತ್ತಿ, ಬೇಯಿಸಿ, ಅಚ್ಚನ್ನು ಹೊರಗೆಳೆದರೆ ಕಂಬ ಸಿದ್ಧ. ಉದ್ದಕ್ಕೆ ಓಡುವ ಎಳೆಗಳು ಬಿಗುವನ್ನು ಕೊಡುತ್ತವೆ, ಸುತ್ತಿ ಬರುವ ಎಳೆಗಳು ಕೊಳವೆ ಚಪ್ಪಟೆಯಾಗದಂತೆ ತಡೆಯುತ್ತವೆ. ಹಾಸು ಹೊಕ್ಕುಗಳ ಲೆಕ್ಕ ಬಲ್ಲವರಿಗೆ ಇದು ಹೊಸ ವಿದ್ಯೆಯಲ್ಲ. ಇಂಗಾಲದ ಪಾಲು ಶೇಕಡ ನೂರರವರೆಗೂ ಇರುತ್ತದೆ. ಪಾಲು ಹೆಚ್ಚಿದಂತೆ ಕಂಬ ಹಗುರವಾಗಿ ಬೇಗನೆ ಚಿಮ್ಮುತ್ತದೆ, ಬೆಲೆಯೂ ಏರುತ್ತದೆ, ಕಲ್ಲಿಗೆ ತಾಗಿದರೆ ಒಡೆಯುವ ಭಯವೂ ಹೆಚ್ಚುತ್ತದೆ. ಕಲಿಯುವವರಿಗೆ ಗಾಜಿನೆಳೆ ಬೆರೆತ ಕಂಬವೇ ಸಾಕೆಂದು ನಮಗನಿಸುತ್ತದೆ.

ಕಡಲಿಲ್ಲದ ಊರಿನವರಿಗೆ ಇದೆಲ್ಲ ಏಕೆಂದು ಯಾರಾದರೂ ಕೇಳಿಯಾರು. ೨೦೨೩ರಲ್ಲಿ ಚೀನದ ಹಾಂಗ್‌ಝೌ ನಗರದ ಕಡೆ ನಡೆದ ಏಷ್ಯನ್ ಕ್ರೀಡಾಕೂಟದಲ್ಲಿ ಈ ಆಟದ ಕಂಚಿನ ಪದಕವನ್ನು ಭಾರತಕ್ಕೆ ತಂದ ಈಬಾದ್ ಅಲಿ ಕಲಿತದ್ದು ಭೋಪಾಲದ ಕೆರೆಯಲ್ಲಿ. ನಮ್ಮ ಸೊಲ್ಲಾಪುರ ಜಿಲ್ಲೆಯಲ್ಲಿ ಭೀಮೆಗೆ ಕಟ್ಟಿದ ಉಜನಿ ಜಲಾಶಯವು ಮಳೆ ಚೆನ್ನಾದ ವರ್ಷ ಮೈಲುಗಟ್ಟಲೆ ಹರಡಿಕೊಳ್ಳುತ್ತದೆ, ಅದರ ಮೇಲೆ ಮುಂಗಾರಿನ ಪಡುವಣ ಗಾಳಿ ಬೀಸುತ್ತದೆ.